ಥಿನ್ನರ್ ಸೋರಿಕೆ

"ಕಿಟಕಿ ತೆಗೆದವಳು ಯಾವಳೇ? ಗಾಳಿ ಬೇಕಂತೆ ಗಾಳಿ! ಬೀದಿ ಗುಡಿಸೋಕೆ ಹೋಗು, ಬೇಕಾದಷ್ಟು ಸಿಗುತ್ತೆ, ಮುಂಡೇದೇ!"

ಸೂಪರ್‌ವೈಸರ್ ಕೂಗಿದ್ದು ನನ್ನ ಅತ್ತಿಗೆಗೆ. ಅವಳಿಗೆ ಐದು ತಿಂಗಳು. ಹಿಂದಿನ ಎರಡು ಬಸಿರೂ ಇದೇ ಶೆಡ್ಡಿನಲ್ಲಿ, ಚಪ್ಪಲಿ ಅಟ್ಟೆಗೆ ಅಂಟು ಬಳಿಯುತ್ತಿದ್ದಾಗಲೇ ಇಳಿದುಹೋಗಿದ್ದವು.

"ವಾಂತಿ ಬರ್ತಿದೆ ಸಾರ್, ಒಂದು ಗಳಿಗೆ..."

"ನುಂಗು."

ಅವನೇ ನಿಂತು ಕಿಟಕಿಗೆ ಸ್ಕ್ರೂ ಹೊಡೆಸಿದ. ಅವಳು ನಿಜಕ್ಕೂ ನುಂಗಿದಳು.

ಶೆಡ್ಡಿನ ಗಾಳಿಯನ್ನೆಲ್ಲ ದಪ್ಪ ಕೊಳವೆಗಳು ಹೀರಿ ಹಿಂದಿನ ಅಂಗಳದ ಎರಡು ತೊಟ್ಟಿಗಳಿಗೆ ಊದುತ್ತವೆ. ತೊಟ್ಟಿಯೊಳಗೆ ಇದ್ದಿಲು. ಅಂಟು ತೆಳುಮಾಡಲು ಬೆರೆಸುವ ಥಿನ್ನರಿನ ಆವಿಯನ್ನು ಅದು ಹೀರಿಟ್ಟುಕೊಳ್ಳುತ್ತದೆ. ಒಂದು ತೊಟ್ಟಿಯ ಇದ್ದಿಲಿಗೆ ಸಾಕಾದರೆ ಅದಕ್ಕೆ ಬಿಡುವು ಕೊಟ್ಟು, ಹಬೆ ಹಾಯಿಸಿ, ಥಿನ್ನರ್ ಇಳಿಸಿಕೊಂಡು ಮತ್ತೆ ನಮ್ಮ ಡಬ್ಬಿಗೇ ಸುರಿಯುತ್ತಾರೆ. ಆ ಇದ್ದಿಲಿನ ಉಪಚಾರ ನೋಡಿದರೆ ಹೊಟ್ಟೆ ಉರಿಯುತ್ತದೆ. ಈ ತಿಂಗಳು ಥಿನ್ನರ್ ಕಮ್ಮಿ ಸಿಕ್ಕಿತಂತೆ. ತಪ್ಪು ನಮ್ಮ ಕಿಟಕಿಯದಂತೆ.

ಮಾರನೆಯ ದಿನ ಊಟದ ಹೊತ್ತಿಗೆ ಸೋರಿಕೆ ಹುಡುಕಲು ಇಂಜಿನಿಯರ್ ಬಂದ. ಅವನ ಕೈಲಿ ಉದ್ದ ಮೂತಿಯ ಪೆಟ್ಟಿಗೆ. ಥಿನ್ನರ್ ಇದ್ದಲ್ಲಿ ಅದು ಕಿರುಚುತ್ತದೆ. ನಾವು ತೊಟ್ಟಿಯ ನೆರಳಲ್ಲಿ ಬುತ್ತಿ ಬಿಚ್ಚಿದ್ದೆವು. ಕೊಳವೆಯ ಒಂದೊಂದು ಬೆಸುಗೆಗೂ ಮೂತಿ ಹಿಡಿದ, ಸದ್ದಿಲ್ಲ.

"ಕಿಟಕಿಯಿಂದ್ಲೇ ಅಂತ ಬರ್ಕೊಂಡ್ಬಿಡಿ ಸಾರ್. ಶಾಶ್ವತವಾಗಿ ಇಟ್ಟಿಗೆ ಕಟ್ಸಿಬಿಡ್ತೀನಿ," ಎಂದ ಸೂಪರ್‌ವೈಸರ್.

ಆಗ ಅತ್ತಿಗೆ ತೇಗಿದಳು. ಪೆಟ್ಟಿಗೆ ಕಿರುಚಿತು. ಇಂಜಿನಿಯರ್ ಮೂತಿಯನ್ನು ಅವಳ ಬಾಯಿಯ ಹತ್ತಿರ ತಂದ. ಇನ್ನೂ ಜೋರಾಗಿ ಕಿರುಚಿತು.

"ಥಿನ್ನರ್ ಕುಡಿದಿದಾಳೆ ಸಾರ್, ಕಳ್ಳಿ!"

"ಕುಡಿಸಿದ್ದು ನೀನಲ್ವೇನೋ, ಬೇವರ್ಸಿ?" ಅತ್ತಿಗೆ ಎದ್ದು ನಿಂತಳು. "ಸೋರಿಕೆ ಸಿಕ್ತಲ್ಲ ಸಾರ್, ಬರ್ಕೊಳ್ಳಿ."

ಇಂಜಿನಿಯರ್ ವರದಿಯ ಹಾಳೆಯನ್ನು ತಿರುವಿ ಹಾಕಿದ. "ಇದಕ್ಕೆ ಕಾಲಂ ಇಲ್ಲಮ್ಮ."

ನಾನೂ ಎದ್ದೆ. ಅವನ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡು ಊದಿದೆ. ಕಿರುಚಿತು. ಪಕ್ಕದವಳು ಊದಿದಳು. ಅವಳ ತಾಯಿ ಊದಿದಳು. ಹದಿನೇಳು ಹೆಂಗಸರು ಕೈಯಿಂದ ಕೈಗೆ ದಾಟಿಸಿದೆವು. "ಸಾಕು, ಸಾಕು" ಎಂದು ಇಂಜಿನಿಯರ್ ಕಿವಿ ಮುಚ್ಚಿಕೊಂಡ.

ಕೊನೆಗೆ ಪೆಟ್ಟಿಗೆ ಅತ್ತಿಗೆಯ ಕೈಗೆ ಬಂತು. ಅವಳು ಅದನ್ನು ಸೂಪರ್‌ವೈಸರ್‌ನ ಮುಖಕ್ಕೆ ಹಿಡಿದಳು. ನಮ್ಮನ್ನು ಬೈಯುತ್ತ ದಿನವಿಡೀ ಅದೇ ಶೆಡ್ಡಿನ ಗಾಳಿ ಕುಡಿಯುವವನು ಅವನೂ ತಾನೇ.

"ಈಗ ನಿಂದು. ಬಾಯಿ ಬಿಡೋ."

ಅವನು ತುಟಿ ಬಿಗಿದ. ಹಿಂದೆ ಸರಿದು ತೊಟ್ಟಿಗೆ ಒರಗಿದ. ಮುಖ ಕೆಂಪಾಗಿ ಮೇಲುಗಣ್ಣಾದರೂ ಉಸಿರು ಬಿಡಲಿಲ್ಲ. ನಾವು ಸುತ್ತುಗಟ್ಟಿ, ಕಾಯುತ್ತಾ ನಿಂತೆವು.