ಉಂಡೆಯ ಮುಳ್ಳು

ಅಂಚು ಸುಲಿದ ಬಿಳಿ ಬೋಗುಣಿ, ಅದರಲ್ಲಿ ಉಗುರುಬೆಚ್ಚನೆಯ ನೀರು, ನೀರಿನ ಮೇಲೆ ತೇಲುವ ನಾಲ್ಕಾರು ಮುಳ್ಳು. ಆ ವರ್ಷವನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಇದೇ. ಕಂಡ ಕೂಡಲೇ ಇವತ್ತಿಗೂ ಮೈ ಉರಿಯುತ್ತದೆ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎನ್ನುವವರಿದ್ದಾರೆ. ಅವರಿಗೆ ಸರಿಯಾದ ಸಿಟ್ಟು ಒಮ್ಮೆಯೂ ಬಂದಿರಲಿಕ್ಕಿಲ್ಲ.

ಮುಳ್ಳು ಉಂಡೆಯವು. ಉಂಡೆ ನಾನು ಸಾಕಿದ್ದ ಪ್ರಾಣಿ. ಊರವರು ಅದನ್ನು ಮುಳ್ಳುಹಂದಿಯ ಮರಿ ಎನ್ನುತ್ತಿದ್ದರು, ಆದರೆ ಅದು ಬೇರೆಯದೇ ಜಾತಿ. ಎಷ್ಟು ಬೆಳೆದರೂ ಎರಡು ಅಂಗೈಯಲ್ಲಿ ಹಿಡಿಸುತ್ತದೆ. ಚೂಪು ಮೂತಿ, ಬೆನ್ನು ತುಂಬ ಗಿಡ್ಡ ಮುಳ್ಳು. ಹೆದರಿದರೆ ತಲೆ, ಕಾಲು, ಹೊಟ್ಟೆ ಎಲ್ಲವನ್ನೂ ಒಳಗೆಳೆದುಕೊಂಡು ಚೆಂಡಾಗಿಬಿಡುತ್ತದೆ. ಹಿತ್ತಲಿನ ಕಲ್ಲುರಾಶಿ ತೆಗೆಸುವಾಗ ಹಿಂಗಾಲಿಗೆ ಪೆಟ್ಟು ಬಿದ್ದು ಸಿಕ್ಕಿತ್ತು. ಗಾಯ ವಾಸಿಯಾಗುವವರೆಗೆ ಇರಲಿ ಎಂದು ಮರದ ಪೆಟ್ಟಿಗೆಯಲ್ಲಿಟ್ಟೆ. ಗಾಯ ವಾಸಿಯಾದ ಮೇಲೂ ಇರಲಿ ಅನ್ನಿಸಿತು.

ಅದನ್ನು ಚೊಕ್ಕಟವಾಗಿಡುವುದು ಸಣ್ಣ ಕೆಲಸವಲ್ಲ. ತನ್ನ ಹಿಕ್ಕೆಯನ್ನು ತಾನೇ ತುಳಿದುಕೊಂಡು ಓಡಾಡುವ ಪ್ರಾಣಿ ಅದು. ಪೆಟ್ಟಿಗೆಯ ಹಳೆಬಟ್ಟೆಯನ್ನು ದಿನವೂ ಬದಲಿಸಬೇಕು. ಉಗುರು ಬೆಳೆದು ಒಳಗೆ ಸುರುಳಿಯಾಗದಂತೆ ತುದಿಯಷ್ಟೇ ಕತ್ತರಿಸಬೇಕು. ಆಗಾಗ ಸ್ನಾನ. ನೀರು ಹೊಟ್ಟೆ ಮುಟ್ಟುವಷ್ಟೇ ಇರಬೇಕು, ಕಿವಿಗೆ ಹೋಗಬಾರದು. ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮುಳ್ಳು ಮಲಗಿರುವ ದಿಕ್ಕಿನಲ್ಲೇ ತಿಕ್ಕಬೇಕು. ಆಮೇಲೆ ಟವೆಲಿನಲ್ಲಿ ಸುತ್ತಿ, ತೇವ ಆರುವವರೆಗೆ ಮಡಿಲಲ್ಲಿಟ್ಟುಕೊಂಡು ಕೂರಬೇಕು. ಇದನ್ನೆಲ್ಲ ನನಗೆ ಯಾರೂ ಹೇಳಿಕೊಡಲಿಲ್ಲ, ಮಾಡುತ್ತ ಮಾಡುತ್ತ ಕಲಿತೆ.

ಮೊದಮೊದಲು ನಾನು ಹತ್ತಿರ ಹೋದರೆ ಸಾಕು, ಬುಸ್ಸೆಂದು ಮುದುಡಿಕೊಳ್ಳುತ್ತಿತ್ತು. ತಿಂಗಳುಗಟ್ಟಲೆ ನಾನು ತೊಳೆದದ್ದು ಒಂದು ಮುಳ್ಳಿನ ಚೆಂಡನ್ನು. ಒಂದು ಸಂಜೆ ಅದು ಬೋಗುಣಿಯ ಬೆಚ್ಚನೆಯ ನೀರಿನಲ್ಲಿ ಮೆಲ್ಲಗೆ ಬಿಚ್ಚಿಕೊಂಡಿತು. ಮೊದಲು ಮೂಗು ಬಂತು, ಆಮೇಲೆ ಕಣ್ಣು, ಆಮೇಲೆ ನಾಲ್ಕು ಪುಟ್ಟ ಕಾಲು. ನನ್ನ ಬೆರಳಿನ ಮೇಲೆ ಗದ್ದವೂರಿ ಸುಮ್ಮನಾಯಿತು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮದುವೆ ಅಂದೆನಲ್ಲ, ಗಂಡನ ವಿಷಯಕ್ಕೆ ಬರುತ್ತೇನೆ. ಹೆಸರು ಪಾಲಾಕ್ಷ. ಪೇಟೆಯ ಔಷಧದ ಅಂಗಡಿಯಲ್ಲಿ ಕೆಲಸ. ಆಗೆಲ್ಲ ‘ಅವರು’ ಎಂದೇ ಹೇಳುತ್ತಿದ್ದೆ, ಬರೆಯಲು ಕುಳಿತರೆ ಆ ಗೌರವ ಕೈಗೆ ಬರುತ್ತಿಲ್ಲ. ಊರಿಗೆಲ್ಲ ಅವನು ಧಾರಾಳಿ. ಯಾರಿಗೂ ಇಲ್ಲವೆಂದವನಲ್ಲ. ನನ್ನ ಹೊಲಿಗೆ ಯಂತ್ರ ಅವನ ಗೆಳೆಯನ ತಂಗಿಯ ಮನೆ ಸೇರಿತ್ತು. ತವರಿನಿಂದ ತಂದ ಕಂಬಳಿ ಯಾರದೋ ಬಾಣಂತನಕ್ಕೆ ಹೋಗಿ ವಾಪಸು ಬರಲಿಲ್ಲ. ಜನ ಕೈಮುಗಿಯುತ್ತಿದ್ದುದು ಅವನಿಗೆ. ಕೊಟ್ಟಿದ್ದು ಯಾರದು ಎಂದು ಯಾರೂ ಕೇಳುತ್ತಿರಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಉಂಡೆಯ ಬೆನ್ನಿನ ಮೇಲೆ ಬೋಳು ಕಾಣಿಸಿತು. ಒಂದೊಂದು ಮುಳ್ಳು ಉದುರುವುದು ಸಹಜ, ಆದರೆ ಇದು ಕಾಸಿನಗಲದ ಬೋಳು. ನುಸಿ ಹತ್ತಿರಬೇಕು ಎಂದುಕೊಂಡೆ. ಪೆಟ್ಟಿಗೆಗೆ ಬಿಸಿನೀರು ಸುರಿದು ಒಣಗಿಸಿದೆ, ಬಟ್ಟೆಗಳನ್ನು ಕುದಿಸಿದೆ, ಸ್ನಾನ ಹೆಚ್ಚಿಸಿದೆ. ಬೋಳು ದೊಡ್ಡದಾಯಿತು. ಅದಕ್ಕಿಂತ ನನಗೆ ಅರ್ಥವಾಗದ ಸಂಗತಿ ಇನ್ನೊಂದಿತ್ತು. ಉಂಡೆ ಈಗ ನೀರಿಗಿಳಿಸಿದರೆ ಬಿಚ್ಚಿಕೊಳ್ಳುತ್ತಿರಲಿಲ್ಲ. ಬೋಗುಣಿಯ ಸದ್ದು ಕೇಳಿದರೇ ಮುದುಡುತ್ತಿತ್ತು. ಊರಿನ ಹುಡುಗಿಯರಿಗೆ ನಾನು ಹೇಳಿಕೊಡುತ್ತಿದ್ದ ಹೊಲಿಗೆ ತರಗತಿ ಮುಗಿಸಿ ಮನೆಗೆ ಬಂದಾಗ, ಬೋರಲು ಹಾಕಿಟ್ಟ ಬೋಗುಣಿ ಕೆಲವು ದಿನ ಒದ್ದೆಯಾಗಿರುತ್ತಿತ್ತು. ನೋಡಿದ್ದೆ. ನೋಡಿಯೂ ಏನೂ ಹೊಳೆಯಲಿಲ್ಲ.

ಕೊನೆಗೆ ದನದ ಆಸ್ಪತ್ರೆಗೆ ಒಯ್ದೆ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನುಸಿ ಆಗಿದ್ರೆ ಚರ್ಮದ ಮೇಲೆ ಹೊಟ್ಟು ಎದ್ದಿರ್ತಿತ್ತಮ್ಮ. ಇದು ನೋಡಿ, ಎಷ್ಟು ಚೆನ್ನಾಗಿಟ್ಟಿದೀರ. ಆದ್ರೆ ಬುಡದಾಗೆ ರಕ್ತ ಹೆಪ್ಪುಗಟ್ಟಿದೆ. ಇವು ಉದುರಿದ್ದಲ್ಲ. ಯಾರೋ ಕಿತ್ತಿರೋದು."

ದಾರಿಯುದ್ದಕ್ಕೂ ಬೆಕ್ಕನ್ನು, ಪಕ್ಕದ ಮನೆಯ ಮಕ್ಕಳನ್ನು ಮನಸ್ಸಿನಲ್ಲೇ ಬೈದೆ. ಮನೆ ತಲುಪಿದಾಗ ಹಿಂದಿನ ಬೀದಿಯ ಓಂಕಾರಮ್ಮ ಮಗುವನ್ನು ಎತ್ತಿಕೊಂಡು ಜಗುಲಿಯಲ್ಲಿ ಕೂತಿದ್ದಳು. ಮಗುವಿಗೆ ನಾಯಿಕೆಮ್ಮು. ಕೆಮ್ಮಿ ಕೆಮ್ಮಿ ಅದರ ಮುಖ ಕೆಂಪಾಗಿತ್ತು.

"ಅಣ್ಣಾರು ಇಲ್ವೇನಕ್ಕ? ಮೊನ್ನೆ ಕೊಟ್ಟಿದ್ ಮುಳ್ಳು ಸುಟ್ಟು ಬೂದಿ ಮಾಡಿ ಜೇನುತುಪ್ಪದಾಗೆ ನೆಕ್ಕಿಸ್ದೆ. ಖಾಲಿ ಆತು. ಇನ್ನೊಂದೆಲ್ಡು ಕೊಟ್ರೆ..."

"ಕೆಮ್ಮು ಕಡಿಮೆ ಆತಾ?" ಎಂದೆ.

"ಎಲ್ಲಿ ಆತಕ್ಕ! ರಾತ್ರೆಲ್ಲ ನಿದ್ದಿಲ್ಲ. ಅದುಕ್ಕೇ ಇನ್ನೊಂದೆಲ್ಡು ಅಂದಿದ್ದು."

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಗುವನ್ನು ಕಟ್ಟಿಕೊಂಡು ಅವಳು ಯಾವ ಬಾಗಿಲನ್ನಾದರೂ ತಟ್ಟುವವಳೇ. ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ಹೇಳಿ ಕಳಿಸಿದೆ. ಪಾಲಾಕ್ಷ ಊಟಕ್ಕೆ ಬರುವವರೆಗೂ ನಿಂತೇ ಇದ್ದೆ.

"ಉಂಡೆ ಮುಳ್ಳು ಕೀಳ್ತಿರೋದು ನೀವಾ?"

"ಹೂಂ, ಒಂದೆಲ್ಡು. ಅದಕ್ಕೇನೀಗ? ಮತ್ತೆ ಬರ್ತವಲ್ಲ." ಅವನು ಕೈ ತೊಳೆಯುತ್ತಿದ್ದ. "ಕೂಸು ಕಟ್ಕೊಂಡು ಬಂದೋರಿಗೆ ಇಲ್ಲ ಅನ್ನಕ್ಕಾಗುತ್ತೇನೆ?"

"ಅದು ಮುದುಡ್ಕೊಂಡ್ರೆ ಯಾರ ಕೈಗೂ ಸಿಗಲ್ಲ. ಹೆಂಗೆ ಕಿತ್ರಿ?"

"ಬೆಚ್ಚಗಿನ ನೀರಿಗೆ ಬಿಟ್ರೆ ತಾನೇ ಬಿಚ್ಕೊಳ್ತೈತೆ. ನೀನೇ ಅಲ್ವಾ ರೂಢಿ ಮಾಡ್ಸಿದ್ದು? ಭಾಳ ಚೆನ್ನಾಗ್ ಕಲ್ಸಿದೀಯ ಕಣೆ."

ನಗುತ್ತ ಹೇಳಿದ. ಹೊಗಳುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ನನ್ನ ತಿಂಗಳುಗಳ ಸಹನೆಯನ್ನು ಅವನು ಚಿಮಟದಂತೆ ಬಳಸಿಕೊಂಡಿದ್ದ. ಮನುಷ್ಯರ ಮುಂದೆ ಹೊಟ್ಟೆ ತೋರಿಸಬಹುದು ಎಂದು ನಾನು ಆ ಪ್ರಾಣಿಯನ್ನು ನಂಬಿಸಿದ್ದೆ, ಆ ನಂಬಿಕೆಯ ಹೊತ್ತಿಗೇ ಸರಿಯಾಗಿ ಅವನು ಕೈ ಹಾಕಿದ್ದ. ಅವನ ಅಂಗಡಿಯ ಕಪಾಟಿನ ತುಂಬ ಕೆಮ್ಮಿನ ಔಷಧವಿತ್ತು. ಅದರಲ್ಲಿ ಒಂದು ಸೀಸೆ ಕೊಡಬೇಕಿದ್ದರೆ ಸ್ವಂತ ಜೇಬಿಗೆ ಕೈ ಹಾಕಬೇಕಿತ್ತಲ್ಲ! ಮುಳ್ಳಾದರೆ ಬೇರೆಯವರ ಬೆನ್ನಿನದು. ಇದನ್ನೆಲ್ಲ ಅವನ ಮುಖಕ್ಕೇ ಅಂದೆ. ತಟ್ಟೆಯ ಮುಂದೆ ಕೂತಿದ್ದವನು ಎದ್ದು ಹೋದ. ಹೋಗಲಿ ಎಂದುಕೊಂಡೆ.

ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಇನ್ನು ಮುಟ್ಟುವುದಿಲ್ಲ ಎಂದು ಅವನೂ ಮಾತು ಕೊಟ್ಟ. ವಾರ ಕಳೆಯುವ ಮೊದಲೇ ಅವನು ಕೆಮ್ಮುವ ಮಕ್ಕಳನ್ನೆತ್ತಿಕೊಂಡ ಇಬ್ಬರು ತಾಯಂದಿರನ್ನು ಕರೆದುಕೊಂಡು ಬಂದು ನಡುಮನೆಯಲ್ಲಿ ಕೂರಿಸಿದ. ಅವರೆದುರಿಗೇ ನನ್ನ ಕಡೆ ಕೈ ತೋರಿಸಿ, "ನಂದೇನಿಲ್ಲಮ್ಮ, ಕೀಲಿ ಇವಳ ಹತ್ರ ಐತೆ. ಇವಳು ಮನಸ್ಸು ಮಾಡ್ಬೇಕು," ಎಂದ.

ಆ ಹೆಂಗಸರು ನನ್ನನ್ನು ನೋಡಿದ ನೋಟವನ್ನು ಮರೆಯಲಾರೆ. ಕೆಮ್ಮುವ ಮಕ್ಕಳ ಮುಂದೆ ನಾನು ರಾಕ್ಷಸಿಯಾದೆ, ಅವನು ದೇವರಂಥವನಾದ. ಈ ಮನೆಯಲ್ಲಿ ಬೀಗಕ್ಕೆ ಬೆಲೆಯಿಲ್ಲ ಎಂಬುದು ಆಗ ನನಗೆ ಗಟ್ಟಿಯಾಯಿತು. ಇವತ್ತು ಇಬ್ಬರು, ನಾಳೆ ಇಡೀ ಊರು. ಉಂಡೆಯ ಬೆನ್ನಿನಲ್ಲಿ ಒಂದು ಮುಳ್ಳೂ ಉಳಿಯುವುದಿಲ್ಲ.

"ಇಬ್ರೂ ಮಕ್ಕಳನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗಿ," ಎಂದೆ. "ಔಷಧ ಇವರ ಅಂಗಡೀಲೈತೆ, ಇವರೇ ಕೊಡ್ತಾರೆ. ಕೇಳಿದೋರಿಗೆ ಇಲ್ಲ ಅನ್ನೋರಲ್ಲ."

ಅವನ ಮುಖ ನೋಡುವ ಹಾಗಿತ್ತು. ಅದೊಂದು ನೆನಪು ಮಾತ್ರ ನನಗೆ ಈಗಲೂ ಸಿಹಿ.

ಅದೇ ಸಂಜೆ ಉಂಡೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಊರಾಚೆಯ ಕುರುಚಲು ಗುಡ್ಡಕ್ಕೆ ನಡೆದೆ. ಅದರ ಕಾಲು ಪೂರ್ತಿ ವಾಸಿಯಾಗಿತ್ತು, ಹಿತ್ತಲಿನಲ್ಲಿ ಬಿಟ್ಟಾಗ ಹುಳುಹುಪ್ಪಟೆಯನ್ನು ತಾನೇ ಹಿಡಿದು ತಿನ್ನುತ್ತಿತ್ತು. ಬಂಡೆಗಳ ಸಂದಿಯಲ್ಲಿ, ಒಣಹುಲ್ಲಿನ ಮೇಲೆ ಅದನ್ನು ಇಳಿಸಿದೆ. ಬಿಗಿಯಾಗಿ ಮುದುಡಿಕೊಂಡಿತ್ತು. ಬೋಳಾದ ಕಡೆ ಹೊಸ ಮುಳ್ಳಿನ ಮೊಳಕೆ ಬಂದಿತ್ತು. ಅದರ ಪಕ್ಕ ಮಂಡಿಯೂರಿ ಅಂಗೈ ಚಾಚಿದೆ. ಒಮ್ಮೆ, ಒಂದೇ ಒಂದು ಸಲ, ನನ್ನ ಬೆರಳಿನ ಮೇಲೆ ಗದ್ದವಿಡಲಿ ಎಂದು ಆಸೆಯಿಂದ ಕಾದೆ. ಅದು ಬುಸ್ಸೆಂದು ಇನ್ನಷ್ಟು ಬಿಗಿಯಾಯಿತು. ಕಿತ್ತ ಕೈ ಯಾವುದು, ತೊಳೆದ ಕೈ ಯಾವುದು ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು?

ಎದ್ದು ನಾಲ್ಕು ಹೆಜ್ಜೆ ಹಿಂದೆ ಸರಿದೆ. ಚೆಂಡು ಅಲುಗಲಿಲ್ಲ. ಇನ್ನಷ್ಟು ಸರಿದೆ. ಮುಳ್ಳುಗಳು ಸ್ವಲ್ಪ ಸಡಿಲವಾದವು. ದಾರಿಯವರೆಗೂ ಹಿಮ್ಮುಖವಾಗಿಯೇ ನಡೆದೆ. ನಾನು ದೂರವಾದಷ್ಟೂ ಅದು ಬಿಚ್ಚಿಕೊಳ್ಳುತ್ತ ಹೋಯಿತು. ಮೂಗು ಬಂತು, ಕಣ್ಣು ಬಂತು, ಕಾಲು ಬಂದವು. ಗಾಳಿಯನ್ನು ಮೂಸಿ ನೋಡಿತು. ಯಾವ ಮನುಷ್ಯರೂ ಹತ್ತಿರವಿಲ್ಲವೆಂದು ಖಾತ್ರಿಯಾದ ಮೇಲೆ, ನಿಧಾನವಾಗಿ ಹುಲ್ಲಿನೊಳಗೆ ನಡೆಯಿತು.