ಬ್ರೇಕ್ ಅಕ್ಕ

"ಆ ಕಾಲು ಸುಮ್ನಿಟ್ಕೊಳ್ಳೇ. ಅಲ್ಲಿ ಬ್ರೇಕಿಲ್ಲ," ಎಂದಳು ಗೆಳತಿ, ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸುತ್ತಾ.

ಪಕ್ಕದ ಸೀಟಿನವಳು ನಾಚಿ ಕಾಲು ಹಿಂದಕ್ಕೆಳೆದುಕೊಂಡಳು. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು ಅವಳು. ಕಲಿಯುವವರ ಪಕ್ಕ ಕೂತು, ತನ್ನ ಕಾಲಬುಡದ ಎರಡನೇ ಬ್ರೇಕನ್ನು ವರ್ಷಾನುಗಟ್ಟಲೆ ತುಳಿದು, ಅದು ಹುಟ್ಟುಗುಣವೇ ಆಗಿಹೋಗಿತ್ತು. ಶಿಷ್ಯರು ಬೆನ್ನ ಹಿಂದೆ ಬ್ರೇಕ್ ಅಕ್ಕ ಎನ್ನುತ್ತಿದ್ದರು. ಸಿನಿಮಾದಲ್ಲಿ ಲಾರಿ ಅಡ್ಡ ಬಂದರೂ ಮುಂದಿನ ಸೀಟು ಒದೆಯುವ ಹೆಂಗಸು.

ಗೆಳತಿ ರಕ್ತಪರೀಕ್ಷೆಯ ಲ್ಯಾಬಿನವಳು. ಮಾರನೆಯ ದಿನದ ಸ್ಪರ್ಧೆಯಲ್ಲಿ ಅವಳು ಸರೋವರದಲ್ಲಿ ಈಜಿ, ಸೈಕಲ್ ತುಳಿದು, ಆಮೇಲೆ ಓಡಿ, ಕತ್ತಲಾಗುವುದರೊಳಗೆ ಕೊನೆಯ ಗೆರೆ ದಾಟಬೇಕಿತ್ತು. ಹಿಂದೆ ಎರಡು ಸಲ ನಡುದಾರಿಯಲ್ಲೇ ಕೈಚೆಲ್ಲಿದ್ದಳು. ಬರುವ ತಿಂಗಳು ಮಂಡಿಯ ಆಪರೇಶನ್, ಆಮೇಲೆ ಓಡುವ ಮಾತೇ ಇಲ್ಲ. "ನಿನ್ನ ಹುಚ್ಚಿಗೆ ಚಪ್ಪಾಳೆ ತಟ್ಟೋಕೆ ನಾನು ಬರಲ್ಲ," ಎಂದು ಗಂಡ ಸೋಫಾದಿಂದ ಏಳದೆಯೇ ಬೀಳ್ಕೊಟ್ಟಿದ್ದ.

"ಒಂದೇ ಮಾತು ನೆನಪಿಟ್ಕೋ," ಎಂದಳು ಗೆಳತಿ. "ನಾನು ಬೀಳ್ಲಿ, ವಾಂತಿ ಮಾಡ್ಕೊಳ್ಲಿ, ನನ್ನನ್ನ ಮುಟ್ಬೇಡ. ಹೊರಗಿನವರು ಕೈ ಹಿಡಿದ್ರೆ ಅಲ್ಲಿಗೆ ನಾನು ಔಟ್."

"ಅಷ್ಟೂ ಬುದ್ಧಿ ಇಲ್ವಾ ನಂಗೆ?"

ಬುದ್ಧಿ ಇತ್ತು. ಮಾರನೆಯ ದಿನವೆಲ್ಲ ಬ್ರೇಕ್ ಅಕ್ಕ ನೋಡುವವರಿಗೆ ಅಡ್ಡ ಕಟ್ಟಿದ್ದ ಹಗ್ಗದ ಈಚೆಯೇ ನಿಂತಳು. ನೀರಿನಿಂದೆದ್ದು ನಡುಗುತ್ತ ಬಂದವಳಿಗೆ ಟವಲು ಚಾಚಲಿಲ್ಲ. ಸೈಕಲ್ಲಿನಿಂದ ಇಳಿಯುವಾಗ ತಡವರಿಸಿದವಳನ್ನು ಕಂಡು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಕೂಗಿ ಕೂಗಿ ಗಂಟಲು ಬಿದ್ದುಹೋಯಿತು. ಸ್ವಂತ ಮದುವೆಯಲ್ಲೂ ಅಷ್ಟು ಖುಷಿಪಟ್ಟಿರಲಿಲ್ಲ.

ಸಂಜೆ ಗೆಳತಿ ಬಂದಳು. ಬಾಯಿಯ ಸುತ್ತ ಬೆವರಿನ ಉಪ್ಪು, ಒಂದು ಕಾಲು ಎಳೆಯುತ್ತಿತ್ತು. ಗೆರೆ ಕಣ್ಣೆದುರಿಗೇ ಇತ್ತು, ಹೊತ್ತೂ ಇತ್ತು. ಜನ ಎದ್ದು ನಿಂತರು. ಹಗ್ಗದ ಬಳಿ ಬರುತ್ತಿದ್ದಂತೆ ಮಂಡಿ ಮಡಚಿತು. ಬ್ರೇಕ್ ಅಕ್ಕ ಯೋಚಿಸಲಿಲ್ಲ. ಯೋಚಿಸಿದ್ದರೆ ಹಿಡಿಯುತ್ತಿರಲಿಲ್ಲ. ಹಗ್ಗದಡಿ ನುಗ್ಗಿ, ಎರಡು ಕಂಕುಳಿಗೂ ಕೈ ಕೊಟ್ಟು, ನೆಲ ಮುಟ್ಟುವ ಮೊದಲೇ ಎತ್ತಿ ನಿಲ್ಲಿಸಿದಳು.

ಸೀಟಿ ಊದುತ್ತ ತೀರ್ಪುಗಾರ ಬಂದ. ಬಹಳ ಮರ್ಯಾದಸ್ಥ. "ಕ್ಷಮಿಸಿ ಮೇಡಂ, ನಿಯಮ," ಎಂದು ಗೆಳತಿಯ ಸೊಂಟದಿಂದ ನಂಬರಿನ ಚೀಟಿ ತಾನೇ ಬಿಚ್ಚಿಕೊಂಡ. "ಬಿದ್ರೂ ಎದ್ದು ನಿಧಾನಕ್ಕೆ ನಡ್ಕೊಂಡು ಹೋಗಿದ್ರೆ ಸಾಕಿತ್ತು. ಟೈಮ್ ಇತ್ತಲ್ಲ."

"ಬೀಳ್ತಿದ್ದೆ ಕಣೇ ನೀನು," ಎಂದಳು ಬ್ರೇಕ್ ಅಕ್ಕ. ಇನ್ನೂ ಅವಳನ್ನು ಹಿಡಿದೇ ಇದ್ದಳು.

"ಬೀಳ್ತಿದ್ದೆ. ಬಿದ್ದು ಏಳ್ತಿದ್ದೆ." ಗೆಳತಿ ಆ ಕೈಗಳನ್ನು ಒಂದೊಂದಾಗಿ ಬಿಡಿಸಿದಳು. "ನಿನ್ನ ಪಾಲಿಗೆ ಪಕ್ಕದಲ್ಲಿರೋರೆಲ್ಲ ಕಲಿಯೋರೇ. ಯಾರೂ ತಾವಾಗೇ ಎಲ್ಲಿಗೂ ತಲುಪ್ಬಾರ್ದು ನಿಂಗೆ."

ಅದು ಸುಳ್ಳೆಂದು ಬ್ರೇಕ್ ಅಕ್ಕನಿಗೆ ಗೊತ್ತಿತ್ತು. ಆದರೂ ಎದೆಗೆ ನಾಟಿತು, ತೆಗೆಯಲು ಬರಲಿಲ್ಲ.

ವಾಪಸು ಕಾರು ಓಡಿಸಿದವಳು ಬ್ರೇಕ್ ಅಕ್ಕನೇ. ಪಕ್ಕದ ಸೀಟು ಖಾಲಿ. ಗೆಳತಿ ಹಿಂದೆ ಕೂತಿದ್ದಳು. ಊರು ದಾಟುತ್ತಿದ್ದಂತೆ ಫೋನ್ ಬಂತು. ಗೆಳತಿ ಸ್ಪೀಕರ್ ಒತ್ತಿ, ಸೀಟುಗಳ ನಡುವೆ ಚಾಚಿದಳು. "ನಮ್ಮನೆಯವರು. ನೀನೇ ಹೇಳು."

ಹೇಳಿದಳು, ತಪ್ಪು ತನ್ನದೇ ಎಂದು, ಒಂದನ್ನೂ ಬಿಡದೆ. ಆ ಕಡೆ ಗಂಡ ನಕ್ಕ. ಕುಹಕದ ನಗೆಯಾಗಿದ್ದರೆ ಎಷ್ಟೋ ವಾಸಿಯಿತ್ತು. ದೊಡ್ಡ ಹೊರೆ ಇಳಿದವನ ನಗು ಅದು.

"ನಿಮಗೆ ಹೇಗೆ ಥ್ಯಾಂಕ್ಸ್ ಹೇಳ್ಲಿ? ಇಷ್ಟು ವರ್ಷ ನನ್ನ ಕೈಲಿ ನಿಲ್ಸೋಕಾಗಿರಲಿಲ್ಲ, ನೀವು ನಿಲ್ಸಿಬಿಟ್ರಿ. ನಾಳೆ ಊಟಕ್ಕೆ ಬನ್ನಿ. ಬರಲೇಬೇಕು."

ಫೋನ್ ಚಾಚಿದ ಕೈ ಹಿಂದಕ್ಕೆ ಹೋಯಿತು. ಬ್ರೇಕ್ ಅಕ್ಕ ಕನ್ನಡಿಯಲ್ಲಿ ನೋಡಿದಳು. ಬೆಳಿಗ್ಗೆ ತೋಳಿನ ಮೇಲೆ ಮಸಿಯಲ್ಲಿ ಬರೆದಿದ್ದ ನಂಬರನ್ನು ಗೆಳತಿ ಎಂಜಲು ಹಚ್ಚಿಕೊಂಡು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು. ಅದು ಅಷ್ಟು ಸುಲಭಕ್ಕೆ ಹೋಗುವ ಮಸಿಯಲ್ಲ. ಚರ್ಮ ಕೆಂಪಾಗಿತ್ತು. ಅವಳು ಉಜ್ಜುತ್ತಲೇ ಇದ್ದಳು.