ಮಾವನ ಹನ್ನೊಂದು ವಾರದ ಗಡ್ಡ

ನನ್ನ ಗಂಡ ನಮ್ಮ ಸಲೂನಿನ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು. ಅಂಗಡಿ ಮುಚ್ಚಿತು. ಅಂದೇ ಮಾವ ಶಪಥ ಮಾಡಿಬಿಟ್ಟರು: "ನನ್ನ ಗಡ್ಡ ನನ್ನ ಮಗನೇ ತೆಗೀಬೇಕು. ಬೇರೆಯವರ ಕತ್ತಿ ಹತ್ತಿರ ಬರಬಾರ್ದು." ಅವರೂ ಅದೇ ಅಂಗಡಿಯಲ್ಲಿ ನಲವತ್ತು ವರ್ಷ ಕತ್ತಿ ಹಿಡಿದವರು. ಹಟ ಅಪ್ಪ ಮಗನಿಗೆ ಸಮಪಾಲು.

ಆರು ವಾರಕ್ಕೆ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದರು. ಬೀಗದಲ್ಲಿ ಕೀಲಿ ತಿರುಗಿಸಲೂ ಇವರ ಕೈ ಒಲ್ಲೆ ಎನ್ನುತ್ತಿತ್ತು. ಸಲೂನಿನವರ ಪಾಡು ಗೊತ್ತಲ್ಲ, ಕೂದಲಿಗಿಂತ ಸಲಹೆಯೇ ಹೆಚ್ಚು ಉದುರುತ್ತದೆ. ಯಾರೋ ಹಳೆಯ ಗಿರಾಕಿ, "ಬಾಟಲಿ ಮುಚ್ಚಳದ ಹಾಗೆ ತಿರುಚು, ಸರಿಹೋಗುತ್ತೆ" ಅಂದನಂತೆ. ಇವರು ನನಗೊಂದು ಮಾತು ಹೇಳದೆ, ಎಡಗೈಯಲ್ಲಿ ಬಲ ಅಂಗೈ ಹಿಡಿದು ವಾರವಿಡೀ ತಿರುಚಿದ್ದೇ ತಿರುಚಿದ್ದು. ಮಣಿಕಟ್ಟು ಊದಿಕೊಂಡಿತು. ನನಗೆ ಮೈಯೆಲ್ಲ ಉರಿಯಿತು. ಕೈ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದೆ, ಎಡಗೈ ಹಿಡಿದು.

ಫಿಸಿಯೋ ಮೇಡಂ ಊತ ನೋಡಿ, ಬೇಸಿನ್ ಮೇಲಿದ್ದ ಸೋಪಿನ ಡಬ್ಬಿ ತಂದರು. ಮೊಟ್ಟೆಯಾಕಾರದ ಸೋಪು ಅದೇ ಆಕಾರದ ತಗ್ಗಿನಲ್ಲಿ ಕೂತಿತ್ತು.

"ಸೋಪನ್ನ ಹಿಂದೆ ಮುಂದೆ ಆಡಿಸಿ. ಆಡುತ್ತಾ?"

"ಆಡುತ್ತೆ," ಎಂದರು ಇವರು.

"ಎಡಕ್ಕೆ, ಬಲಕ್ಕೆ?"

"ಅದೂ ಆಗುತ್ತೆ."

"ಈಗ ಬುಗುರಿ ಥರ ತಿರುಗಿಸಿ."

ಸೋಪು ಅಂಚಿಗೆ ಬಡಿದು ನಿಂತಿತು.

"ಮಣಿಕಟ್ಟಿನ ಕೀಲೂ ಹೀಗೇ. ಅಂಗೈ ಬುಡದ ಪುಟ್ಟ ಮೂಳೆಗಳು ಸೋಪು, ಮುಂಗೈ ಮೂಳೆಯ ತುದಿ ಈ ತಗ್ಗು. ಬಗ್ಗುತ್ತೆ, ಪಕ್ಕಕ್ಕೆ ವಾಲುತ್ತೆ. ತಿರುಚಿಕೊಳ್ಳೋದು ಅದರ ಜಾಯಮಾನದಲ್ಲೇ ಇಲ್ಲ. ಬೀಗದ ಕೀಲಿ ತಿರುಗಿಸೋದು ಮೊಣಕೈ ಕೆಳಗಿನ ಮುಂಗೈ, ಅಲ್ಲಿ ಒಂದು ಮೂಳೆ ಇನ್ನೊಂದರ ಮೇಲೆ ಹೊರಳುತ್ತೆ. ಪಾಪ, ಅದರ ಕೆಲಸ ಇದಕ್ಕೆ ಹೇಳಿ ಹಿಂಸೆ ಕೊಟ್ಟಿದ್ದೀರಿ."

"ಮೇಡಂ, ನಾನು ಮತ್ತೆ ಕತ್ತಿ ಹಿಡೀತೀನಾ?" ಎಂದರು ಇವರು. ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

"ಊತ ಇಳೀಲಿ. ಆಮೇಲೆ ಮೆಲ್ಲಗೆ ಬಗ್ಗಿಸಿ, ವಾಲಿಸಿ. ನೋಡೋಣ."

ನಾಲ್ಕು ವಾರ ಹಾಗೇ ಮಾಡಿದರು. ಒಂದು ಬೆಳಿಗ್ಗೆ ಅಂಗಡಿಯ ಷಟರ್ ಅರ್ಧ ಎತ್ತಿ ಮೂವರೂ ಒಳಗೆ ಹೋದೆವು. ಇವರು ಒಂದು ಬಲೂನಿಗೆ ನೊರೆ ಬಳಿದರು. ಕಸುಬು ಕಲಿಯುವವರ ಮೊದಲ ಗಿರಾಕಿ ಬಲೂನೇ. ಮಾವ ಇವರಿಗೆ ಕಲಿಸಿದ್ದೂ ಹಾಗೆಯೇ. ಮೇಲಿನಿಂದ ಕತ್ತಿ ಚೆನ್ನಾಗಿ ಜಾರಿತು. ಕೆಳಬದಿಗೆ ಬಂದಾಗ ಮಣಿಕಟ್ಟು ಪೂರ್ತಿ ವಾಲಲಿಲ್ಲ. ಠಪ್! ನೊರೆ ಕನ್ನಡಿಗೆಲ್ಲ ಹಾರಿತು. ಎರಡನೆಯದೂ ಅಲ್ಲೇ ಒಡೆಯಿತು.

"ಮುಗೀತು ಕಣೆ," ಎಂದು ಇವರು ಕತ್ತಿ ಮಡಚಿಟ್ಟರು.

ಮಾವ ಕೋಲೂರಿಕೊಂಡು ಬಂದು ಕುರ್ಚಿಯೇರಿದರು. "ನೊರೆ ಹಚ್ಚು."

"ಬೇಡಪ್ಪಾ. ಒಡೆದಿದ್ದು ನೋಡಲಿಲ್ವಾ?"

"ಬಲೂನಿಗೇನೋ ಗೊತ್ತು ಕತ್ತಿ ಮರ್ಯಾದೆ? ಹಚ್ಚು ಅಂದೆ."

ಇವರು ಉದ್ದ ಗಡ್ಡವನ್ನು ಕತ್ತರಿಯಿಂದ ಇಳಿಸಿ, ನೊರೆ ಹಚ್ಚಿ, ಕೆನ್ನೆ ಮುಗಿಸಿದರು. ಗದ್ದದ ಕೆಳಗೆ ಕತ್ತಿ ನಿಂತಿತು. ಕಣ್ಣು ಮುಚ್ಚಿದ್ದ ಮಾವ ಗದ್ದ ಎತ್ತಿ, ಮುಖವನ್ನು ಮೆಲ್ಲಗೆ ಎಡಕ್ಕೆ ಹೊರಳಿಸಿದರು. ಕತ್ತಿ ಮುಂದೆ ಸಾಗಿತು. ಮತ್ತೆ ನಿಂತಿತು, ಮುಖ ಮತ್ತೆ ಹೊರಳಿತು. ಮಗನ ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಅಪ್ಪನ ಮುಖ ಬರುತ್ತಿತ್ತು.

ಒಂದು ಗೀರೂ ಬೀಳಲಿಲ್ಲ. ಇವರು ಕತ್ತಿ ಒರೆಸುತ್ತಾ ಅಳುತ್ತಿದ್ದರು, ನಾನೂ ಅಷ್ಟೆ. ಮಾವ ಮಾತ್ರ ಗದ್ದ ಸವರಿಕೊಂಡು, "ಕಿವಿ ಕೆಳಗೆ ಎರಡು ಕೂದಲು ಬಿಟ್ಟಿದ್ದೀಯ. ನಾಳೆ ತೆಗಿ," ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಷಟರ್ ಪೂರ್ತಿ ಎತ್ತಮ್ಮ."